ಇನ್ನೂರ ಹತ್ತು ಅಡಿ ಮತ್ತು ಒಂದು ಬೆಂಕಿಪೊಟ್ಟಣ

ಚಿತ್ರ ಪರಿಶೀಲನಾಧಿಕಾರಿಗಳಿಗೆ,

ಮಾನ್ಯರೇ,

‘ಮೂಕಮ್ಮನ ಒಲೆ’ ಎಂಬ ಚಿತ್ರದ ಕೊನೆಯಿಂದ ತಾವು ಇನ್ನೂರ ಹತ್ತು ಅಡಿ ಕತ್ತರಿಸಿದ್ದೀರಿ. ಪರದೆಯ ಮೇಲೆ ಅದು ಎರಡು ನಿಮಿಷ ಇಪ್ಪತ್ತು ಸೆಕೆಂಡು. ಒಂದು ಬೀಡಿ ಸೇದಿ ಮುಗಿಸಲೂ ಸಾಲದ ಹೊತ್ತು. ಅಷ್ಟನ್ನು ಕತ್ತರಿಸಿದ್ದರಿಂದ ಜಗಳೂರಿನ ಒಬ್ಬ ಹೆಂಗಸು ತನ್ನ ಮನೆಗೆ ಬರುವುದೇ ನಿಂತುಹೋಗಿದೆ. ಇಂಥ ಸಣ್ಣ ಸುದ್ದಿಯನ್ನು ತಮ್ಮ ಮೇಜಿಗೆ ತಲುಪಿಸುವವರು ಯಾರೂ ಇಲ್ಲದ್ದರಿಂದ, ನ್ಯಾಮತಿಯ ಟೆಂಟ್ ಟಾಕೀಸಿನವನಾದ ನಾನು ಪತ್ರಿಕೆಯ ಮೂಲಕ ತಲುಪಿಸುತ್ತಿದ್ದೇನೆ.

ಚಿತ್ರ ತೆಗೆದವರು ಕೆರೆಬಿಳಚಿ ಕಡೆಯ ಡ್ರಾಯಿಂಗ್ ಮೇಷ್ಟ್ರು ತಿಪ್ಪೇರುದ್ರಸ್ವಾಮಿ, ಎರಡು ಬೇಸಿಗೆ ರಜೆಗಳಲ್ಲಿ. ಹಾಡಿಲ್ಲ, ಹೊಡೆದಾಟವಿಲ್ಲ, ಹೆಸರಾದ ನಟರಿಲ್ಲ. ಮೂಕಮ್ಮ ಎಂಬ ಸೊಸೆ ಮನಸ್ಸು ಕೆಟ್ಟು ಆಸ್ಪತ್ರೆ ಸೇರುತ್ತಾಳೆ, ಮಾತ್ರೆ ನುಂಗುತ್ತಾಳೆ, ಗುಣವಾಗಿ ಮನೆಗೆ ಬರುತ್ತಾಳೆ. ನಮ್ಮ ಕಡೆ ಅಂಥ ಆಸ್ಪತ್ರೆಯಿಂದ ಬಂದವಳ ಕೈಗೆ ಬೆಂಕಿಪೊಟ್ಟಣ ಕೊಡುವುದಿಲ್ಲ. ಕಸ ಗುಡಿಸಬಹುದು, ರೊಟ್ಟಿ ತಟ್ಟಬಹುದು. ಒಲೆ ಹೊತ್ತಿಸುವವರು ಮಾತ್ರ ಬೇರೆಯವರು. ಚಿತ್ರದ ಕೊನೆಗೆ ಅತ್ತೆ ತನ್ನ ಸೆರಗಿನ ಗಂಟು ಬಿಚ್ಚಿ ಬೆಂಕಿಪೊಟ್ಟಣವನ್ನು ಸೊಸೆಯ ಅಂಗೈಯಲ್ಲಿಡುತ್ತಾಳೆ. ಸೊಸೆ ಒಲೆ ಹೊತ್ತಿಸಿ ಚಹಾ ಕಾಸುತ್ತಾಳೆ. ಇಬ್ಬರೂ ಕುಡಿಯುತ್ತಾರೆ. ಅಷ್ಟೇ.

‘ಬುದ್ಧಿಭ್ರಮಣೆಯವರ ಕೈಗೆ ಬೆಂಕಿ ಕೊಡುವ ದೃಶ್ಯ ಸಾರ್ವಜನಿಕ ಸುರಕ್ಷತೆಗೆ ಮಾರಕ’ ಎಂದು ತಾವು ಬರೆದಿದ್ದೀರಿ. ಅಬ್ಬಾ, ಎಂಥ ಕಾಳಜಿ! ಹೋದ ವರ್ಷ ತಾವೇ ಮುದ್ರೆ ಒತ್ತಿ ಕಳಿಸಿದ ಚಿತ್ರಗಳನ್ನು ನಾನು ಓಡಿಸಿದ್ದೇನೆ, ಎಣಿಸಿಯೂ ಇಟ್ಟಿದ್ದೇನೆ. ಹನ್ನೊಂದರಲ್ಲಿ ಖಳನಾಯಕ ಗುಡಿಸಲಿಗೆ ಬೆಂಕಿ ಇಟ್ಟ. ನಾಲ್ಕರಲ್ಲಿ ತಲೆ ಕೆದರಿದ ಹುಚ್ಚಿ ಬಂದು, ಕಲ್ಲೇಟು ತಿಂದು, ಜನರನ್ನು ನಗಿಸಿ ಹೋದಳು. ಎರಡರಲ್ಲಿ ನಾಯಕಿಯ ತಲೆಗೆ ಪೆಟ್ಟು ಬಿದ್ದು ಹುಚ್ಚು ಹಿಡಿಯಿತು, ಇನ್ನೊಂದು ಪೆಟ್ಟು ಬಿದ್ದು ಬಿಟ್ಟಿತು. ಇವೆಲ್ಲ ಸುರಕ್ಷಿತ. ಮಾತ್ರೆ ನುಂಗಿ ಗುಣವಾದವಳು ಚಹಾ ಕಾಸಿದರೆ ಮಾತ್ರ ನಾಡು ಹೊತ್ತಿ ಉರಿಯುತ್ತದೆ! ತಮ್ಮ ಕಚೇರಿಗೆ ದಿನಾ ಚಹಾ ತಂದುಕೊಡುವವರ ಮನಸ್ಸಿನ ಸರ್ಟಿಫಿಕೇಟನ್ನು ತಾವು ಯಾವ ಫೈಲಿನಲ್ಲಿಟ್ಟಿದ್ದೀರಿ, ಮಾನ್ಯರೇ?

ನನ್ನ ಹೆಂಡತಿ ಶಂಕ್ರಮ್ಮ ೧೯೭೮ರಲ್ಲಿ, ಎರಡನೆಯ ಹೆರಿಗೆಯ ನಂತರ, ಇದೇ ಕಾಯಿಲೆ ಬಿದ್ದಳು. ಐದು ತಿಂಗಳು ಆಸ್ಪತ್ರೆ. ಬಂದ ಮೇಲೆ ಒಂಬತ್ತು ತಿಂಗಳು ನಾನು ಬೆಂಕಿಪೊಟ್ಟಣವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡೇ ತಿರುಗಿದೆ. ಬೆಳಗ್ಗೆ ಒಲೆ ಹೊತ್ತಿಸಿ ಹೊರಡುವುದು. ಆರಿದರೆ ನಾನು ಬರುವ ತನಕ ಮನೆಯಲ್ಲಿ ಬಿಸಿನೀರೂ ಇಲ್ಲ. ಒಂದು ಮಧ್ಯಾಹ್ನ ಬಂದು ಕಡ್ಡಿ ಗೀರಿದೆ. ಬೆವರಿಗೆ ಪೊಟ್ಟಣ ಮೆತ್ತಗಾಗಿತ್ತು. ಆರು ಕಡ್ಡಿ ಹಾಳಾದವು. ಶಂಕ್ರಮ್ಮ ನೋಡುತ್ತ ನಿಂತಿದ್ದಳು.

“ರೀ, ಇನ್ನೂ ಎಷ್ಟು ದಿನ ಅದನ್ನ ಎದೆ ಮ್ಯಾಲೆ ಇಟ್ಕಂಡು ತಿರುಗ್ತೀರಿ? ನನಗೇನೋ ಗುಣ ಆತು. ನಿಮಗೆ ಯಾವಾಗ ಆಗ್ತೈತೆ?”

ಸೋಡಾ ಮಾರುತ್ತ, ಬಾಯಿಯ ಬಲದಿಂದಲೇ ಟೆಂಟಿನ ತನಕ ಬಂದವನು ನಾನು. ಅವತ್ತು ಮಾತ್ರ ಕೈ ಮುಂದೆ ಬಂತು. ಪೊಟ್ಟಣ ಕೊಟ್ಟೆ. ಏಳನೆಯ ಕಡ್ಡಿ ಅವಳ ಕೈಯಲ್ಲಿ ಹತ್ತಿತು. ಮೇಷ್ಟ್ರು ಸಿನಿಮಾ ಬರೆದದ್ದು ಈ ಕಥೆ ಕೇಳಿದ ಮೇಲೆ.

ಇನ್ನು ಜಗಳೂರು. ಅಲ್ಲಿ ಗಾಡಿ ಮಾಡುವ ಬಡಗಿ ಬೋರಣ್ಣನ ಹೆಂಡತಿ ಕೊಲ್ಲಾಪುರಮ್ಮ ಗುಣವಾಗಿದ್ದಾಳೆ, ಕರೆದೊಯ್ಯಿರಿ ಎಂದು ಆಸ್ಪತ್ರೆಯಿಂದ ಕಾಗದ ಬಂದಿತ್ತು. ಬೋರಣ್ಣನ ತಾಯಿ ಕೆಂಪಕ್ಕನಿಗೆ ಧೈರ್ಯ ಬರಲಿ ಎಂದು ಅಲ್ಲಿ ಟೆಂಟ್ ಹಾಕಿದಾಗ ನಾನೇ ತಾಯಿ ಮಗ ಇಬ್ಬರನ್ನೂ ಕರೆಸಿ ಮುಂದೆ ಕೂರಿಸಿದೆ. ಕೊನೆಗೆ ತಮ್ಮ ಕತ್ತರಿ ಬಿದ್ದದ್ದು ನನಗೆ ಆಗ ತಿಳಿದಿರಲಿಲ್ಲ. ಈಗ ಚಿತ್ರ ಮುಗಿಯುವುದು ಹೀಗೆ: ಸೊಸೆ ಅತ್ತೆಯ ಸೆರಗಿನ ಗಂಟನ್ನೇ ದಿಟ್ಟಿಸುತ್ತಾಳೆ, ಶುಭಂ. “ಆಮ್ಯಾಲೆ ಏನಾತು? ಮನಿ ಸುಟ್ಲಾ?” ಎಂದು ಹೆಂಗಸರ ಕಡೆಯಿಂದ ಯಾರೋ ಕೂಗಿದರು.

ಕೆಂಪಕ್ಕ ಚಾಪೆ ಸುತ್ತಿಕೊಂಡು ಎದ್ದಳು. “ನೋಡ್ದೇನಲೇ ಬೋರ? ಸಿನಿಮಾದಾಗೇ ಕೊಡಾಕೆ ಅಂಜ್ತಾರೆ. ನಾನು ಕೊಡ್ಲಾ?”

“ಯವ್ವಾ, ಡಾಕ್ಟ್ರೇ ಬರ್ದಾರೆ...”

“ಡಾಕ್ಟ್ರದೇನು ಹುಲ್ಲಿನ ಮನಿಯಾ?”

ಕೊಲ್ಲಾಪುರಮ್ಮ ಬರಬೇಕಾಗಿದ್ದ ಸೋಮವಾರ ಕಳೆದು ಇಂದಿಗೆ ನಲವತ್ತಾರು ದಿನ. ಗುಣವಾದ ಮೇಲೂ ಅವಳು ಅಲ್ಲೇ ಇದ್ದಾಳೆ. ಕತ್ತರಿಸಿದ ಭಾಗವನ್ನು ನಾನು ಬಾಯಲ್ಲೇ ಹೇಳಿನೋಡಿದೆ. “ನೀನು ಟಿಕೀಟು ಮಾರಾಕೆ ಏನು ಬೇಕಾದ್ರೂ ಹೇಳ್ತೀಯಪ್ಪ. ಪರದೆ ಮ್ಯಾಲೆ ತೋರ್ಸು, ನೋಡ್ತೀನಿ” ಎಂದಳು ಕೆಂಪಕ್ಕ. ತಮಗಿಂತ ಒಳ್ಳೆಯ ಪರಿಶೀಲನಾಧಿಕಾರಿ. ಪೂರ್ತಿ ನೋಡಿ ತೀರ್ಮಾನಿಸುತ್ತೇನೆ ಎನ್ನುತ್ತಾಳೆ.

ಆದ್ದರಿಂದ ಆ ಇನ್ನೂರ ಹತ್ತು ಅಡಿಯನ್ನು ಹಿಂದಿರುಗಿಸಿ. ಬಸ್ಸಿನ ಪಾರ್ಸೆಲಿಗೆ ಹಾಕಿದರೂ ಸಾಕು, ಅಂಟಿಸಿಕೊಳ್ಳುವುದು ನನಗೆ ಗೊತ್ತು. ಸುರಕ್ಷತೆಯ ಅನುಮಾನ ಇನ್ನೂ ಉಳಿದಿದ್ದರೆ ತಾವೇ ನ್ಯಾಮತಿಗೆ ಬನ್ನಿ. ತಮ್ಮ ಆದೇಶವನ್ನು ಓದಿ ಹೇಳಿದಾಗ ಶಂಕ್ರಮ್ಮ ಅಂದದ್ದು ಇಷ್ಟೇ: “ಬರಾಕೆ ಹೇಳ್ರಿ. ಚಾ ಕುಡ್ದು ಹೋಗ್ಲಿ ಪಾಪ, ಅಂಜಿಕಿ ಕಾಯಿಲೆ ಅವರಿಗೂ ಐತೆ.”

ಇಂತಿ,
ಒಂಬತ್ತು ತಿಂಗಳು ಅದೇ ಕಾಯಿಲೆಯಿಂದ ನರಳಿ, ಹೆಂಡತಿಯ ಕೈಯಲ್ಲಿ ಗುಣವಾದ
ಮಲ್ಲೇಶಪ್ಪ
ಟೆಂಟ್ ಟಾಕೀಸ್, ನ್ಯಾಮತಿ