ನಗರಕ್ಕೆ ಕೇವಲ ನಲವತ್ತೈದು ನಿಮಿಷ

ವಿಮಾನ ನಿಲ್ದಾಣದ ಹೊರಬಾಗಿಲಲ್ಲಿ ಸ್ವಾಗತ ಫಲಕ ಬರೆಸಿ ನಿಲ್ಲಿಸಿದ ಅಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ನಿಮ್ಮ ಫಲಕ ಸುಳ್ಳು ಹೇಳುತ್ತಿದೆ. ಹೇಳಿ ಹೇಳಿ ನನ್ನ ಅಕ್ಕನನ್ನು ನನ್ನಿಂದ ದೂರ ಮಾಡಿದೆ. ಈ ಎರಡು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಹಿಂದೆ ಬರೆದ ಮೂರು ಅರ್ಜಿಗಳಲ್ಲಿ ವಿಷಯ, ಉಲ್ಲೇಖ, ಸವಿನಯ ಪ್ರಾರ್ಥನೆ ಎಲ್ಲವನ್ನೂ ಕ್ರಮವಾಗಿ ಬರೆದು, ತಾವು ಎರಡನೇ ಪುಟ ತಿರುವಿಯೇ ಇಲ್ಲ ಎಂಬುದನ್ನು ತಮ್ಮ ಉತ್ತರದಿಂದ ತಿಳಿದುಕೊಂಡಿದ್ದೇನೆ.

ಫಲಕ ಯಾವುದೆಂದು ತಮಗೆ ಮರೆತಿರಬಹುದು. ಸಾಮಾನು ತೆಗೆದುಕೊಂಡು ಹೊರಗೆ ಬಂದರೆ ಎಡಗಡೆ, ಆಳೆತ್ತರದ್ದು. ಮೇಲೆ ಬಸವನಗುಡಿಯ ದೊಡ್ಡ ಬಸವಣ್ಣ, ಕೆಳಗೆ ಮಾರುಕಟ್ಟೆಯಲ್ಲಿ ಹೂ ಕಟ್ಟುತ್ತ ಕೂತ ಹೆಂಗಸರು. ನಡುವೆ ಹಳದಿ ಅಕ್ಷರಗಳಲ್ಲಿ, "ಮುಂದಿನ ವಿಮಾನಕ್ಕೆ ಸಮಯವಿದೆಯೇ? ನಮ್ಮ ಚೆಲುವಾದ ನಗರವನ್ನು ನೋಡಿ ಬನ್ನಿ! ನಗರಕ್ಕೆ ಕೇವಲ 45 ನಿಮಿಷ." ಆ 'ಕೇವಲ' ಎಂಬ ಪದವನ್ನು ಸೇರಿಸಿದ ಪುಣ್ಯಾತ್ಮರು ಯಾರು ಸ್ವಾಮಿ? ನಲವತ್ತೈದು ಎಂದು ಮಾತ್ರ ಬರೆದಿದ್ದರೆ ನಾನು ಸ್ವಲ್ಪ ಅನುಮಾನಪಡುತ್ತಿದ್ದೆನೋ ಏನೋ. ಕೇವಲ ಎಂದ ಮೇಲೆ ಅನುಮಾನಕ್ಕೆ ಜಾಗವೆಲ್ಲಿ?

ನಾನು ದಾರಿ ಗೊತ್ತಿಲ್ಲದ ಪರದೇಶಿಯಲ್ಲ. ಚಾಮರಾಜಪೇಟೆಯಲ್ಲಿ ಹುಟ್ಟಿ ಅಲ್ಲಿಯ ಬೀದಿಗಳಲ್ಲೇ ಗೋಲಿ ಆಡಿ ಬೆಳೆದವನು. ಇಪ್ಪತ್ತೆರಡು ವರ್ಷದಿಂದ ಕೇಂದ್ರ ಸರ್ಕಾರದ ಒಂದು ಇಲಾಖೆಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದೇನೆ, ಈಗ ಗುವಾಹಟಿಯಲ್ಲಿ. ಎರಡು ಊರುಗಳ ನಡುವಿನ ದೂರವನ್ನು ಸ್ಕೇಲು ಹಿಡಿದು ಅಳೆಯುವುದೇ ನನ್ನ ಹೊಟ್ಟೆಪಾಡು. ಅಂಥವನೇ ನಿಮ್ಮ ಮಾತು ನಂಬಿ ಹಳ್ಳಕ್ಕೆ ಬಿದ್ದ ಮೇಲೆ ಉಳಿದವರ ಗತಿಯೇನು? ಆದರೆ ನಾನು ಊರು ಬಿಟ್ಟಾಗ ವಿಮಾನ ನಿಲ್ದಾಣ ಊರ ಮಗ್ಗುಲಲ್ಲೇ ಇತ್ತು. ಅದನ್ನು ನೀವು ಹೊಲಗಳಾಚೆ ಒಯ್ದಿಟ್ಟಿರಿ ಎಂದು ಪತ್ರಿಕೆಯಲ್ಲಿ ಓದಿದ್ದೆ. ಎಷ್ಟಾಚೆ ಎಂದು ನೋಡಿರಲಿಲ್ಲ.

ಕಳೆದ ಫೆಬ್ರವರಿಯ ಒಂದು ಶುಕ್ರವಾರ ನನ್ನ ಅಕ್ಕ ಗಂಗರತ್ನಮ್ಮನ ಮಗಳು ವಿಶಾಖಾಳ ಮದುವೆ, ಚಾಮರಾಜಪೇಟೆಯ ಒಂದು ಛತ್ರದಲ್ಲಿ. ನಮ್ಮಲ್ಲಿ ಹೆಣ್ಣನ್ನು ಮಂಟಪಕ್ಕೆ ಕೈಹಿಡಿದು ಕರೆತರುವವನು ಸೋದರಮಾವ. ತಂದೆ ಇದ್ದರೂ ಆ ಕೆಲಸ ಸೋದರಮಾವನದೇ. ವಿಶಾಖಾಳಿಗೆ ತಂದೆಯೂ ಇಲ್ಲ. ಭಾವ ಮೂರು ವರ್ಷದ ಹಿಂದೆ ತೀರಿಕೊಂಡರು. ಆಗ ಬ್ರಹ್ಮಪುತ್ರೆಗೆ ಪ್ರವಾಹ ಬಂದು ರೈಲು ನಿಂತು, ನಾನು ಮನೆ ಮುಟ್ಟುವಾಗ ಎಲ್ಲ ಮುಗಿದು ಹನ್ನೊಂದನೇ ದಿನ. ಅಕ್ಕ ಅಳಲಿಲ್ಲ, ಬೈಯಲಿಲ್ಲ. "ಸಾವಿಗೆ ಬರಕ್ಕಾಗ್ಲಿಲ್ಲ, ಬಿಡು. ಮಗು ಮದ್ವೇಲಿ ಮಾತ್ರ ನನ್ನ ಕೈ ಬಿಡ್ಬೇಡ" ಅಂದಳು. ನನಗೆ ಏಳು ವರ್ಷವಾಗಿದ್ದಾಗ ತಾಯಿ ಹೋದರು. ಆಮೇಲೆ ನಿಮ್ಮ ಫಲಕದಲ್ಲಿರುವ ಅದೇ ಮಾರುಕಟ್ಟೆಯಲ್ಲಿ ಹೂ ಕಟ್ಟಿ ಕಟ್ಟಿ ನನ್ನನ್ನು ಓದಿಸಿದವಳು ಅವಳು. ನನ್ನ ಮೊದಲ ಕಂಪಾಸು ಪೆಟ್ಟಿಗೆಯನ್ನು ಅವೆನ್ಯೂ ರಸ್ತೆಯಲ್ಲಿ ನಾಲ್ಕು ಅಂಗಡಿ ಅಲೆದು ಆರಿಸಿ ತಂದಿದ್ದಳು. ಅವಳು ನನ್ನಿಂದ ಬಾಯಿಬಿಟ್ಟು ಕೇಳಿದ್ದು ಇದೊಂದೇ.

ಹತ್ತು ದಿನ ರಜೆ ಕೇಳಿದೆ, ಕೊಡಲಿಲ್ಲ. ಅದೇ ವಾರ ತಿರುವನಂತಪುರದಲ್ಲಿ ತರಬೇತಿಗೆ ಹೋಗು ಎಂದರು. ಟಿಕೆಟ್ಟು ಕೈಗೆ ಬಂದಾಗ ನೋಡುತ್ತೇನೆ, ಕೋಲ್ಕತ್ತದವರೆಗೆ ರೈಲು, ಅಲ್ಲಿಂದ ವಿಮಾನದಲ್ಲಿ ಬೆಂಗಳೂರು, ಬೆಂಗಳೂರಲ್ಲಿ ವಿಮಾನ ಬದಲಾವಣೆ. ಇಳಿಯುವುದು ಬೆಳಗ್ಗೆ ಎಂಟೂವರೆಗೆ, ಮತ್ತೆ ಹತ್ತುವುದು ಸಂಜೆ ನಾಲ್ಕೂ ಹತ್ತಕ್ಕೆ. ಅದೂ ಅದೇ ಶುಕ್ರವಾರ! ಧಾರೆಯ ಮುಹೂರ್ತ ಹತ್ತೂ ನಲವತ್ತರಿಂದ ಹನ್ನೊಂದೂ ಕಾಲು. ಆ ದಿನ ಕಚೇರಿಯಲ್ಲಿ ನಾನು ಎಲ್ಲರಿಗೂ ಸಿಹಿ ಹಂಚಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡನು ಎಂಬ ಗಾದೆ ಆಗ ನೆನಪಾಗಲಿಲ್ಲ.

ಒಂಬತ್ತಕ್ಕೆ ಹೊರಗೆ ಬಂದೆ. ನಿಮ್ಮ ಫಲಕ ಕಂಡಿತು. ಅದರ ಮುಂದೆಯೇ ನಿಂತು ಅಕ್ಕನಿಗೆ ಫೋನು ಮಾಡಿದೆ. "ಅಕ್ಕ, ಇಳಿದೆ. ಮುಕ್ಕಾಲು ಗಂಟೆ ಅಂತ ಇಲ್ಲಿ ಬೋರ್ಡೇ ಹಾಕಿದಾರೆ. ಹತ್ತಕ್ಕೆಲ್ಲಾ ಅಲ್ಲಿರ್ತೀನಿ." ಅವಳು ಅಲ್ಲಿಂದಲೇ ಯಾರಿಗೋ ಕೂಗಿ ಹೇಳಿದ್ದು ಕೇಳಿಸಿತು, "ನಮ್ಮ ಆಂಜಿ ಬಂದ!" ಅಷ್ಟು ಖುಷಿಯ ದನಿಯನ್ನು ಭಾವ ಹೋದ ಮೇಲೆ ನಾನು ಕೇಳಿರಲಿಲ್ಲ.

ಮೆಜೆಸ್ಟಿಕ್‌ಗೆ ಹೋಗುವ ಬಸ್ಸು ಹತ್ತಿದೆ. ಹೆಬ್ಬಾಳದ ಮೇಲ್ಸೇತುವೆಯವರೆಗೂ ಪರವಾಗಿಲ್ಲ. ಅಲ್ಲಿ ನಿಂತಿತು. ರಸ್ತೆ ಅಗಲ ಮಾಡುತ್ತಿದ್ದರಂತೆ, ಸಾಲದ್ದಕ್ಕೆ ಮುಂದೆ ಲಾರಿಯೊಂದು ಕೆಟ್ಟಿತ್ತಂತೆ. ಬಸ್ಸಿನ ಎಂಜಿನ್ನನ್ನೇ ಆರಿಸಿ ಚಾಲಕ ಹಣೆ ಒರೆಸಿಕೊಂಡ. ನಾನು ಕಂಡಕ್ಟರನ್ನು ಕೇಳಿದೆ, "ಸ್ವಾಮಿ, ನಲವತ್ತೈದು ನಿಮಿಷ ಅಂತ ಬರೆದಿದಾರಲ್ಲ?" ಆತ ನಕ್ಕ. "ಅದು ಯುಗಾದಿ ದಿನ ಬೆಳಿಗ್ಗೆ ಐದು ಗಂಟೆ ಲೆಕ್ಕ ಸಾರ್. ನೀವು ಅದನ್ನ ನಂಬ್ಕೊಂಡು ಬಂದ್ರಾ?" ಹಿಂದಿನ ಸೀಟಿನವರೂ ನಕ್ಕರು. ಊರಿಗೆ ಊರೇ ಸುಳ್ಳೆಂದು ತಿಳಿದಿರುವ ಮಾತನ್ನು ಆಳೆತ್ತರದಲ್ಲಿ ಬರೆಸಿಟ್ಟಿದ್ದೀರಲ್ಲ, ಯಾರಿಗೋಸ್ಕರ? ನನ್ನಂಥ ನಂಬುವ ದಡ್ಡರಿಗೋಸ್ಕರವೇ?

ಇನ್ನು ಮುಂದಿನದನ್ನು ಅರ್ಜಿಗಳಲ್ಲಿ ಬರೆದಿರಲಿಲ್ಲ. ಬರೆಯಲು ನಾಚಿಕೆಯಾಗಿತ್ತು. ಈಗ ನಾಚಿಕೆಪಡುವಷ್ಟು ಮಾನ ಉಳಿದಿಲ್ಲವಾದ್ದರಿಂದ ಬರೆಯುತ್ತೇನೆ.

ಹತ್ತು ಗಂಟೆಗೆ ಅಕ್ಕ ಫೋನು ಮಾಡಿದಳು. ಬಸ್ಸು ಮೇಲ್ಸೇತುವೆಯ ಮೇಲೆ ಕಲ್ಲಿನಂತೆ ನಿಂತಿತ್ತು. ನಾನು, "ಮೇಖ್ರಿ ಸರ್ಕಲ್ ದಾಟಿದೆ ಅಕ್ಕ" ಎಂದೆ. ಹತ್ತೂವರೆಗೆ ಮತ್ತೆ ಮಾಡಿದಳು. ಬಸ್ಸು ಸೇತುವೆಯಿಂದ ಆಗತಾನೇ ಇಳಿದಿತ್ತು. "ಮೆಜೆಸ್ಟಿಕ್‌ನಲ್ಲಿ ಇಳೀತಿದೀನಿ" ಎಂದೆ. ಅತ್ತ ಛತ್ರದಲ್ಲಿ ನಮ್ಮ ಚಿಕ್ಕಪ್ಪನ ಮಗ ದೊಡ್ಡಬೈರಪ್ಪಣ್ಣ ಹೊಸ ಪಂಚೆ ಉಟ್ಟು ನಿಂತಿದ್ದ. ನಾನು ಬರದಿದ್ದರೆ ಹೆಣ್ಣನ್ನು ಕರೆತರಲು ಅವನೇ ಸಿದ್ಧನಿದ್ದ. ಅಕ್ಕ ಅವನಿಗೆ, "ಒಡಹುಟ್ಟಿದೋನು ಬಾಗ್ಲಿಗೆ ಬಂದಿದಾನೆ, ನೀನು ಯಾಕಣ್ಣ?" ಅಂದುಬಿಟ್ಟಳಂತೆ. ಅವನಿಗೆ ಮುಖಕ್ಕೆ ಹೊಡೆದ ಹಾಗಾಗಿ ಛತ್ರ ಬಿಟ್ಟೇ ಹೋದ. ಹತ್ತೂ ಐವತ್ತಕ್ಕೆ ಮೂರನೇ ಸಲ. ಆಗ ಬಸ್ಸು ನಿಜವಾಗಿ ಮೇಖ್ರಿ ಸರ್ಕಲ್ಲಿನಲ್ಲಿತ್ತು. ನಾನು ಹೇಳಿದೆ, "ಇಲ್ಲೇ ಮಾರ್ಕೆಟ್ ಹತ್ರ ಅಕ್ಕ, ಆಟೋದಲ್ಲಿದೀನಿ. ಐದೇ ನಿಮಿಷ."

ನಮ್ಮೂರಿನಲ್ಲಿ ಇದೊಂದು ಚಟ. ಮನೆಯಲ್ಲಿ ಹಲ್ಲುಜ್ಜುತ್ತ ನಿಂತವನೂ "ಹೊರಟೆ ಗುರು, ಐದು ನಿಮಿಷ" ಎನ್ನುತ್ತಾನೆ. ಕೇಳಿದವನು ಅದನ್ನು ಅರ್ಧ ಗಂಟೆ ಎಂದು ತಿಳಿದುಕೊಳ್ಳುತ್ತಾನೆ. ಯಾರಿಗೂ ನಷ್ಟವಿಲ್ಲ. ಆದರೆ ಅಕ್ಕ ನನ್ನ ಮಾತನ್ನು ಎಂದೂ ಹಾಗೆ ಕೇಳಿದವಳಲ್ಲ. ನಾನು ಐದು ಎಂದರೆ ಅವಳಿಗೆ ಐದೇ. ಅದು ನನಗೆ ಗೊತ್ತಿತ್ತು, ಆದರೂ ಹೇಳಿದೆ. ನಿಜ ಹೇಳಿದ್ದರೆ ಅವಳು ದೊಡ್ಡಬೈರಪ್ಪಣ್ಣನನ್ನು ಕರೆಯುತ್ತಿದ್ದಳು, ಮದುವೆ ನೆಟ್ಟಗೆ ನಡೆಯುತ್ತಿತ್ತು. ನನ್ನ ಜಾಗದಲ್ಲಿ ಬೇರೊಬ್ಬ ನಿಲ್ಲುವುದನ್ನು ನನ್ನ ಮನಸ್ಸು ಒಪ್ಪಲಿಲ್ಲ. ಇಪ್ಪತ್ತೆರಡು ವರ್ಷ ಊರಲ್ಲಿಲ್ಲದವನಿಗೆ ಆ ಜಾಗದ ಮೇಲೆ ಅಷ್ಟು ಆಸೆ.

ಛತ್ರ ಮುಟ್ಟಿದಾಗ ಹನ್ನೆರಡಕ್ಕೆ ಐದು ನಿಮಿಷವಿತ್ತು. ಮೊದಲ ಪಂಕ್ತಿಗೆ ಎಲೆ ಹಾಕಿ ಆಗಿತ್ತು. ಗಂಡಿನ ಕಡೆಯವರು ಮುಹೂರ್ತ ಮೀರುತ್ತದೆಂದು ಗಲಾಟೆ ಮಾಡಿ, ಅವರ ಕಡೆಯ ಒಬ್ಬ ಹಿರಿಯರೇ ವಿಶಾಖಾಳ ಕೈಹಿಡಿದು ಕರೆತಂದರಂತೆ. ಆಕೆಗೆ ಅವರ ಹೆಸರೂ ಗೊತ್ತಿರಲಿಲ್ಲ. ಮಂಟಪದ ಹತ್ತಿರ ಹೋದೆ. ಮಗು ನನ್ನ ಕಾಲಿಗೆ ನಮಸ್ಕರಿಸಿ ಎದ್ದು ಮೆಲ್ಲಗೆ ಹೇಳಿತು.

"ಬಂದ್ರಲ್ಲ ಮಾಮ, ಸಾಕು. ಅಮ್ಮನ್ನ ಸ್ವಲ್ಪ ಮಾತಾಡ್ಸಿ. ತಾಳಿ ಕಟ್ಟೋದನ್ನ ಅವ್ರು ನೋಡ್ಲಿಲ್ಲ."

"ಯಾಕಮ್ಮ? ಎಲ್ಲಿದ್ರು?"

"ಬಾಗ್ಲಲ್ಲಿ. ಐದು ನಿಮಿಷದಲ್ಲಿ ಬರ್ತಾನೆ, ಬಂದ ತಕ್ಷಣ ಒಳಗೆ ಓಡಿಸ್ಕೊಂಡು ಬರ್ತೀನಿ ಅಂತ ರೋಡಿಗೇ ಹೋಗಿ ನಿಂತಿದ್ರು. ವಾಲಗ ಕೇಳಿಸ್ದಾಗ ಓಡಿ ಬಂದ್ರು. ಅಷ್ಟರಲ್ಲಿ ಆಗೋಗಿತ್ತು."

ಮಾನ್ಯರೇ, ಒಬ್ಬಳೇ ಮಗಳು. ಗಂಡನಿಲ್ಲದೆ, ಯಾರ ಮುಂದೆಯೂ ಕೈಚಾಚದೆ ಅವಳು ಮಾಡಿದ ಮದುವೆ. ಆ ಒಂದು ಗಳಿಗೆ ನೋಡಲು ಅವಳು ಎಷ್ಟು ವರ್ಷ ಕಾದಿದ್ದಳೆಂದು ನನಗೆ ಗೊತ್ತು. ಆ ಗಳಿಗೆಯಲ್ಲಿ ಅವಳು ಬೀದಿಯಲ್ಲಿ ನಿಂತು ಹೋಗಿ ಬರುವ ಆಟೋಗಳೊಳಗೆ ನನ್ನ ಮುಖ ಹುಡುಕುತ್ತಿದ್ದಳು.

ಅಕ್ಕ ಊಟದ ಮನೆಯಲ್ಲಿ ಬಡಿಸುವವರ ಹಿಂದೆ ನಿಂತಿದ್ದಳು. ನನ್ನನ್ನು ನೋಡಿದಳು. "ಕೂತ್ಕೊ, ಊಟ ಮಾಡು" ಎಂದಳು, ಅಷ್ಟೇ. ನನಗೋ ಬಂದ ದಾರಿಯ ಭಯ. ಬರುವುದಕ್ಕೆ ಮೂರು ಗಂಟೆ ಹಿಡಿದಿದೆ, ಹೋಗುವುದಕ್ಕೂ ಮೂರು ಬೇಕು, ನಾಲ್ಕೂ ಹತ್ತಕ್ಕೆ ವಿಮಾನ. ಸರ್ಕಾರಿ ಟಿಕೆಟ್ಟು, ತಪ್ಪಿದರೆ ಮೇಲಧಿಕಾರಿ ಹರಿದು ತಿನ್ನುತ್ತಾನೆ. "ಅಕ್ಕ, ಈಗ್ಲೇ ಹೊರಡ್ಬೇಕು, ಫ್ಲೈಟು ತಪ್ಪೋಗತ್ತೆ" ಅಂದೆ. ಮದುವೆ ಮನೆಯಲ್ಲಿ ಸೋದರಮಾವ ಎಲೆಯ ಮುಂದೆ ಕೂರದೆ ಎದ್ದುಹೋಗುವುದೆಂದರೆ ಏನೆಂದು ತಮಗೆ ನಾನು ಹೇಳಿಕೊಡಬೇಕೆ? ಜಗಳವಾಡಿದವನು ಹೋಗುವುದು ಹಾಗೆ. ಸಾಲಾಗಿ ಕೂತವರೆಲ್ಲ ತಲೆಯೆತ್ತಿ ನೋಡಿದರು. ಅಕ್ಕ ಕೈಯಲ್ಲಿದ್ದ ಪಾಯಸದ ಸೌಟನ್ನು ಕೆಳಗಿಟ್ಟು, "ಹೋಗು. ಕಾಯೋವ್ರು ಕಾಯ್ತಾರೆ, ನಿನ್ ಗಾಡಿ ಕಾಯಲ್ಲ" ಎಂದಳು. ಅವಳು ನನ್ನೊಡನೆ ಆಡಿದ ಕೊನೆಯ ಮಾತು ಅದು.

ಈಗ ತಮಾಷೆ ಕೇಳಿ. ಹೋಗುವಾಗ ದಾರಿ ಖಾಲಿ. ಛತ್ರದ ಬಾಗಿಲಿಂದ ನಿಮ್ಮ ನಿಲ್ದಾಣದ ಬಾಗಿಲಿಗೆ ಟ್ಯಾಕ್ಸಿಯಲ್ಲಿ ಒಂದು ಗಂಟೆ ಐದು ನಿಮಿಷ! ಒಂದೂವರೆಗೆ ಮೊದಲೇ ಅಲ್ಲಿದ್ದೆ. ವಿಮಾನ ಬೇರೆ ಒಂದು ಗಂಟೆ ತಡ. ಮೂರೂವರೆ ಗಂಟೆಗೂ ಮೀರಿ ಉಕ್ಕಿನ ಕುರ್ಚಿಯಲ್ಲಿ ಖಾಲಿ ಹೊಟ್ಟೆಯಲ್ಲಿ ಕೂತಿದ್ದೆ. ಅಕ್ಕನ ಪಕ್ಕ ಕೂತು ಉಣ್ಣಬಹುದಾಗಿತ್ತು. ಅವಳ ಕಾಲು ಹಿಡಿದು ತಪ್ಪಾಯಿತು ಎನ್ನಬಹುದಾಗಿತ್ತು. ದೊಡ್ಡಬೈರಪ್ಪಣ್ಣನನ್ನು ಹುಡುಕಿ ಕರೆತರಬಹುದಾಗಿತ್ತು. ಬರುವಾಗ ನಿಮ್ಮ ಫಲಕವನ್ನು ನಂಬಿ ಕೆಟ್ಟೆ, ಹೋಗುವಾಗ ನಂಬದೆ ಕೆಟ್ಟೆ. ಇಂಥ ಫಲಕವನ್ನು ಬರೆಸಲು ವಿಶೇಷ ಪ್ರತಿಭೆಯೇ ಬೇಕು, ಅಭಿನಂದನೆಗಳು.

ನನ್ನ ಅರ್ಜಿಗಳಿಗೆ ತಾವು ದಯಪಾಲಿಸಿದ ಒಂದೇ ಉತ್ತರದಲ್ಲಿ, "ಸದರಿ ಸಮಯವು ಅನುಕೂಲಕರ ಸಂಚಾರ ಪರಿಸ್ಥಿತಿಗೆ ಅನ್ವಯಿಸುತ್ತದೆ" ಎಂದಿದೆ. ಅನುಕೂಲ ಯಾರದು ಸ್ವಾಮಿ? ಕೆಂಪು ದೀಪ ಹೊತ್ತ ಕಾರಿನ ಮುಂದೆ ಪೊಲೀಸರು ದಾರಿ ಬಿಡಿಸುವ ಅನುಕೂಲವೇ? ಅದಿದ್ದರೆ ನಲವತ್ತೈದೇಕೆ, ಮೂವತ್ತೇ ಸಾಕು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಒಂದು ದಿನ ನಿಮ್ಮದೇ ಫಲಕದ ಮುಂದೆ ಬಸ್ಸು ಹತ್ತಿ ನೋಡಿದ್ದರೆ ತಿಳಿಯುತ್ತಿತ್ತು.

ನಾಲ್ಕು ತಿಂಗಳಾಯಿತು, ಅಕ್ಕ ನನ್ನ ಫೋನು ಎತ್ತಿಲ್ಲ. ಪತ್ರ ಬರೆದೆ, ಹಾಗೇ ವಾಪಸು ಬಂತು. ದೊಡ್ಡಬೈರಪ್ಪಣ್ಣನ ಮನೆಯವರೂ ಅವಳ ಮನೆಗೆ ಬರುವುದನ್ನು ನಿಲ್ಲಿಸಿದ್ದಾರೆ. "ಅಮ್ಮ ಫೋನ್ ಪಕ್ಕಾನೇ ಕೂತಿರ್ತಾರೆ ಮಾಮ, ನಿಮ್ಮ ನಂಬರ್ ನೋಡ್ತಾರೆ, ಎತ್ತಲ್ಲ" ಎಂದು ವಿಶಾಖಾ ಹೇಳಿದಳು. ನಾನು ಕೋಲ್ಕತ್ತದಿಂದ ಬಂದದ್ದೇ ಸುಳ್ಳು, ಬೆಂಗಳೂರಲ್ಲೇ ಎಲ್ಲೋ ಇಳಿದುಕೊಂಡು ತಡವಾಗಿ ಎದ್ದು ಬಂದೆ ಎಂದು ನೆಂಟರಲ್ಲಿ ಮಾತಾಗಿದೆಯಂತೆ. ಮುಕ್ಕಾಲು ಗಂಟೆ ದಾರಿಗೆ ಮೂರು ಗಂಟೆ ಯಾಕೆ ಬೇಕು ಎಂದು ಅವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನನಗೆ ರಜೆ ಸಿಗುವುದು ಇನ್ನು ಮುಂದಿನ ವರ್ಷಕ್ಕೆ. ಅವಳಿಗೆ ಅರವತ್ತೆರಡು, ಸಕ್ಕರೆ ಕಾಯಿಲೆ ಬೇರೆ. ಮುಂದಿನ ವರ್ಷ ಎನ್ನುವ ಮಾತನ್ನು ನಾನು ಯಾವ ಧೈರ್ಯದಲ್ಲಿ ಆಡಲಿ?

ಫಲಕವನ್ನು ಅಳಿಸಿ, ಇಲ್ಲವೇ ಇರಲಿ, ಅದು ನಿಮಗೆ ಸೇರಿದ್ದು. ನನ್ನ ಬೇಡಿಕೆ ಬೇರೆ. ತಾವು ಒಂದು ಶುಕ್ರವಾರ ಬಿಡುವು ಮಾಡಿಕೊಂಡು ಚಾಮರಾಜಪೇಟೆಗೆ ಹೋಗಬೇಕು. ವಿಳಾಸ ನಿಮ್ಮ ಕಚೇರಿಯಲ್ಲಿರುವ ನನ್ನ ಮೂರೂ ಅರ್ಜಿಗಳಲ್ಲಿದೆ. ನನ್ನ ಅಕ್ಕನನ್ನು ಕರೆದುಕೊಂಡು ಬಂದು, ಬೆಳಗಿನ ಒಂಬತ್ತು ಗಂಟೆಗೆ ನಿಲ್ದಾಣದಿಂದ ಹೊರಡುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಿಸಿ, ನೀವು ಅವಳ ಪಕ್ಕ ಕೂರಬೇಕು. ಕೆಂಪು ದೀಪ ಬೇಡ. ಅವಳಿಗೆ ಏನನ್ನೂ ವಿವರಿಸಬೇಡಿ. ಹೆಬ್ಬಾಳದ ಮೇಲೆ ಬಸ್ಸು ನಿಂತು ಎಂಜಿನ್ನು ಆರಿದ ಮೇಲೆ ಅವಳೇ ನಿಮ್ಮ ಕಡೆ ತಿರುಗಿ ಕೇಳುತ್ತಾಳೆ, "ನನ್ ತಮ್ಮ ಇಲ್ಲಿ ಕೂತ್ಕೊಂಡೇ ಮೇಖ್ರಿ ಸರ್ಕಲ್ ದಾಟಿದೆ ಅಂದಿದ್ನಾ?" ಎಂದು. ಹೌದು ಎಂದುಬಿಡಿ. ನನ್ನ ಮಾನ ಉಳಿಸಲು ಹೋಗಬೇಡಿ. ನಾವಿಬ್ಬರೂ ಸೇರಿ ಅವಳಿಗೆ ಹೇಳಿದ ಸುಳ್ಳು ಸಾಕಾಗಿದೆ.

ಇಂತಿ,
ತಮ್ಮ ಚೆಲುವಾದ ನಗರವನ್ನು ನೋಡಿ ಬಂದ,
ಮಂಟಪ ಮುಟ್ಟದ ಸೋದರಮಾವ
ಆಂಜಿನಯ್ಯ
ಗುವಾಹಟಿ, ಜೂನ್ 2009