ಹನ್ನೊಂದು ತಿಂಗಳ ಹಸಿರು

ಮಾರ್ಚ್ 3
ಮತ್ತದೇ ಪರದೆ. ನಗರದ ವಾರ್ಡುಗಳೆಲ್ಲ ಇಲ್ಲಿ ಬರೀ ಚುಕ್ಕಿ — ನಲ್ಲಿ ನೀರು ಶುದ್ಧವಾದರೆ ಹಸಿರು, ಕೊಳಕಾದರೆ ಕೆಂಪು. ನಲವತ್ತು ವಾರ್ಡುಗಳಿಂದ ಪರೀಕ್ಷೆಯ ಅಂಕಿ ಬಂದಿಲ್ಲ.
"ಖಾಲಿ ಬಿಡೋದಾ ಸಾರ್?" ಗುಮಾಸ್ತರ ಪ್ರಶ್ನೆ.
"ಖಾಲಿ ಕಂಡ್ರೆ ಸಾಹೇಬ್ರಿಗೆ ಆಗಲ್ಲ. ಹೋದ ತಿಂಗಳ ಅಂಕೀನೇ ಈ ತಿಂಗಳಿಗೂ ಎಳೆದುಬಿಡಿ."
ಈ ಎಳೆಯುವ ಪದ್ಧತಿಯ ಮೂಲಪುರುಷ ನಾನೇ. ನೀರು ಕುಡಿದಷ್ಟು ಸುಲಭ. ಸಾಹೇಬರು ಮಾತ್ರ ಬಾಟಲಿಯವರು — ನೀರಿನ ಬಾಟಲಿ. ನಲ್ಲಿಯದು ಮುಟ್ಟುವುದಿಲ್ಲ.

ಮಾರ್ಚ್ 4
ಅಕ್ಕನ ಫೋನ್. "ನಲ್ಲಿ ನೀರು ನಾತ ಹೊಡೀತಿದೆ ಕಣೋ. ಕುದಿಸ್ಬೇಕಾ?"
ಅವಳ ವಾರ್ಡು ತೆರೆದೆ. ಗಿಳಿಹಸಿರು. "ನಿಮ್ದು ನೂರಕ್ಕೆ ತೊಂಬತ್ತೆಂಟು ಅಕ್ಕ."
"ನಿನ್ನ ತೊಂಬತ್ತೆಂಟನ್ನ ಒಂದು ಲೋಟಕ್ಕೆ ಹಾಕಿ ಕೊಡ್ತೀನಿ, ಕುಡಿ. ಕುದಿಸ್ಬೇಕಾ, ಬೇಡ್ವಾ, ಅಷ್ಟು ಹೇಳು."
"ಬೇಡ."

ಮಾರ್ಚ್ 8, ಆಸ್ಪತ್ರೆ
ಮೂರು ದಿನದಿಂದ ಪುಟ್ಟಿಗೆ ಡ್ರಿಪ್. ಅಕ್ಕನ ಒಬ್ಬಳೇ ಮಗಳು, ಆರು ವರ್ಷ. ವಾಂತಿ, ಭೇದಿ. ಅದೇ ಬೀದಿಯ ಇನ್ನೂ ನಾಲ್ಕು ಮಕ್ಕಳು ಪಕ್ಕದ ಮಂಚಗಳಲ್ಲಿ. ಅಕ್ಕ ಮನೆಯ ನಲ್ಲಿ ನೀರು ತುಂಬಿದ ಬಾಟಲಿ ಕೈಗಿಟ್ಟಳು. ತಳದಲ್ಲಿ ಕಪ್ಪು ಮಡ್ಡಿ. ಮುಚ್ಚಳ ತೆಗೆದು ಮೂಸಿದೆ. ಚರಂಡಿ.
ಬೆರಳಿಗೆ ಅಂಟಿದ ವಾಸನೆ ಎರಡು ಸಲ ಸೋಪು ಹಚ್ಚಿದರೂ ಹೋಗಿಲ್ಲ. ಹೇಸಿಗೆ. ನೀರಿನದಷ್ಟೇ ಅಲ್ಲ...

ಮಾರ್ಚ್ 9
ಆ ವಾರ್ಡಿನ ನೀರು ಪರೀಕ್ಷಕರಿಗೆ ಫೋನ್ ಮಾಡಿದೆ.
"ನಾನು ರಿಟೈರಾಗಿ ಹನ್ನೊಂದು ತಿಂಗಳಾಯ್ತಲ್ಲ ಸ್ವಾಮಿ. ನನ್ನ ಜಾಗಕ್ಕೆ ಯಾರೂ ಬಂದಿಲ್ಲ."
"ಮತ್ತೆ ತೊಂಬತ್ತೆಂಟು?"
"ಅದು ನನ್ನ ಕೊನೇದು. ಇನ್ನೂ ಇಟ್ಕೊಂಡಿದ್ದೀರಾ? ದೊಡ್ಡ ಮನಸ್ಸು ನಿಮ್ಮದು."
ಅಂಕಿಯಿತ್ತು, ಅಂಶವಿರಲಿಲ್ಲ. ಎಳೆದ ಅಂಕಿಗಳನ್ನೆಲ್ಲ ಅಳಿಸಿದೆ. ನಕ್ಷೆಯ ಕಾಲು ಭಾಗ ಬೋಳಾಯಿತು.
ಸಾಹೇಬರು ಓಡಿ ಬಂದರು. "ಏನ್ರೀ ಇದು, ಬಕ್ಕತಲೆ? ನಾಳೆ ಐದಕ್ಕೆ ವರದಿ ಹೋಗುತ್ತೆ. ಸುಧಾರಣೆಗೆ ಪ್ರಶಸ್ತಿ ಇದೆ. ಮೊದಲಿನ ಹಾಗೆ ಮಾಡಿಡಿ."
"ಮೊದಲಿಂದ್ಲೂ ಹೀಗೇ ಇತ್ತು ಸಾರ್. ನಾನು ವಿಗ್ ತೆಗೆದೆ, ಅಷ್ಟೇ."
ನಗಲಿಲ್ಲ. ನನಗೂ ನಗು ಬರಲಿಲ್ಲ.

ಮಾರ್ಚ್ 10, ಸಂಜೆ 4.50
ಅಕ್ಕನ ಫೋನ್. "ಕಣ್ಣು ಬಿಟ್ಳು. ನೀರು ಕೇಳ್ತಿದ್ದಾಳೆ. ಯಾವ ನೀರು ಕೊಡ್ಲಿ ಅಂತ ನಿನ್ನ ಕೇಳಲ್ಲ ಬಿಡು. ನರ್ಸ್‌ನ ಕೇಳ್ತೀನಿ."
ಇಟ್ಟಳು.
ಹತ್ತು ನಿಮಿಷ ಇದೆ. ಅವಳ ವಾರ್ಡನ್ನು ಕೆಂಪು ಮಾಡಿದೆ. ಕಾರಣ ಕೇಳುತ್ತಿದೆ ಪರದೆ. ಮೊದಲು ಇಲ್ಲಿ ಬರೆದುಕೊಳ್ಳುತ್ತೇನೆ, ಆಮೇಲೆ ಅಲ್ಲಿ: ಹನ್ನೊಂದು ತಿಂಗಳಿಂದ ಈ ನೀರನ್ನು ಯಾರೂ ಪರೀಕ್ಷಿಸಿಲ್ಲ. ಹಳೆಯ ಅಂಕಿಯನ್ನು ಎಳೆಯಲು ಹೇಳಿದವನು ನಾನು.