ಹತ್ತನ್ನು ಇಪ್ಪತ್ತೈದರಿಂದ ಭಾಗಿಸಿದವಳು

ಮಾನ್ಯ ಪರೀಕ್ಷಾಧಿಕಾರಿಗಳೇ,

ನನ್ನ ಮಗಳು ಮಹಮೂದಾಬೇಗಂ ಪಿಯುಸಿಯ ಅರ್ಥಶಾಸ್ತ್ರದಲ್ಲಿ ಪಾಸಾಗಿದ್ದಾಳೆಂದು ತಿಳಿಸಿದ್ದೀರಿ. ಸಂತೋಷ. ತಮ್ಮ ಪತ್ರ ಬರುವ ಹೊತ್ತಿಗೆ ಅವಳ ಮದುವೆಯಾಗಿ ಐದು ತಿಂಗಳಾಗಿತ್ತು. ತಾವು ಮೊದಲು ಅವಳನ್ನು ನಪಾಸು ಮಾಡಿದಿರಿ ಎಂಬ ಒಂದೇ ಕಾರಣಕ್ಕೆ ಆದ ಮದುವೆ ಅದು. ನಾಲ್ಕು ಜನ ಓದಲಿ ಎಂದು ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ಪ್ರಶ್ನೆ ಇಷ್ಟೇ. ಒಣಮೆಣಸಿನಕಾಯಿ ಬೆಲೆ ಕಿಲೋಗೆ ಇಪ್ಪತ್ತು ರೂಪಾಯಿಯಿಂದ ಇಪ್ಪತ್ತೈದಕ್ಕೆ ಏರಿದಾಗ ಬೇಡಿಕೆ ನೂರು ಕಿಲೋದಿಂದ ತೊಂಬತ್ತಕ್ಕೆ ಇಳಿದರೆ, ಬೇಡಿಕೆಯ ಸ್ಥಿತಿಸ್ಥಾಪಕತ್ವ ಎಷ್ಟು? ನಾನು ಏಳನೇ ಇಯತ್ತೆ ಓದಿದವನು, ಬ್ಯಾಡಗಿಯಲ್ಲಿ ಕಿರಾಣಿ ಅಂಗಡಿ ಇಟ್ಟವನು. ಈ ಮಾರುದ್ದದ ಶಬ್ದವನ್ನು ನನಗೆ ಕಲಿಸಿದವಳೂ ಅವಳೇ. ಪರೀಕ್ಷೆಗೆ ಮುಂಚೆ ಅಂಗಡಿಯಲ್ಲಿ ಕುಳಿತು ಗಿರಾಕಿಗಳನ್ನೇ ಕೇಳುತ್ತಿದ್ದಳು. "ತುಟ್ಟಿ ಆದ್ರ ಮೆಣಸಿನಕಾಯಿ ಬಿಡ್ತೀರೇನ್ರಿ ಆಯಿ?" ಎಂದರೆ ನಮ್ಮ ಓಣಿಯ ಉಚ್ಚಂಗೆವ್ವ, "ಬೇಕಾದ್ರ ಬಿಸ್ಕೀಟ ಬಿಡ್ತೇನಿ. ಖಾರ ಬಿಟ್ರ ಮನ್ಯಾಗಿನವ್ರು ಉಣ್ತಾರೇನವ್ವಾ? ಒಂದೀಟು ಕಡಿಮಿ ಒಯ್ತೇನಿ, ಅಷ್ಟ" ಎಂದು ನಕ್ಕಳು. ಮಗಳು ನನ್ನ ಕಡೆ ತಿರುಗಿ, "ನೋಡ್ರಿ ಅಬ್ಬಾ, ಬೆಲಿ ಏರಿದಷ್ಟು ಬೇಡಿಕಿ ಇಳೀಲಿಲ್ಲ. ಉತ್ತರ ಒಂದಕ್ಕಿಂತ ಕಡಿಮಿ ಬರಬೇಕು" ಎಂದಳು.

ಪರೀಕ್ಷೆಯಲ್ಲೂ ಹಾಗೆಯೇ ಬರೆದಳು. ಬೇಡಿಕೆ ಇಳಿದದ್ದು ಶೇಕಡಾ ಹತ್ತು, ಬೆಲೆ ಏರಿದ್ದು ಶೇಕಡಾ ಇಪ್ಪತ್ತೈದು. ಹತ್ತನ್ನು ಇಪ್ಪತ್ತೈದರಿಂದ ಭಾಗಿಸಿದರೆ ಸೊನ್ನೆ ಪಾಯಿಂಟ್ ನಾಲ್ಕು. ತಮ್ಮ ಪತ್ರವೇ ಒಪ್ಪಿಕೊಂಡಂತೆ, ಮಾದರಿ ಉತ್ತರ ಬರೆದ ಪಂಡಿತರು ಅದನ್ನು ತಲೆಕೆಳಗು ಮಾಡಿ ಎರಡೂವರೆ ಎಂದು ಬರೆದಿದ್ದರು. ತಿದ್ದಿದವರು ಅದನ್ನೇ ನೋಡಿ ಅವಳಿಗೆ ಹತ್ತಕ್ಕೆ ಸೊನ್ನೆ ಕೊಟ್ಟರು. ಅಷ್ಟು ಜನ ವಿದ್ವಾಂಸರಲ್ಲಿ ಒಬ್ಬರ ಮನೆಗೂ ಮೆಣಸಿನಕಾಯಿ ತರುವುದಿಲ್ಲವೇ ಸ್ವಾಮಿ? ತುಟ್ಟಿಯಾದ ಕೂಡಲೇ ತಾವೆಲ್ಲ ಸಪ್ಪೆ ಸಾರು ಉಣ್ಣುತ್ತೀರಾ? ಮೂವತ್ತಕ್ಕೆ ನಿಂತು, ಐದು ಅಂಕ ಸಾಲದೆ ನನ್ನ ಮಗಳು ನಪಾಸಾದಳು.

ಒಂದೇ ಸಲಕ್ಕೆ ಪಾಸಾದರೆ ಹಾವೇರಿಯ ಕಾಲೇಜು, ಇಲ್ಲದಿದ್ದರೆ ನಿಕಾಹ್ ಎಂದು ಮನೆಯಲ್ಲಿ ಮೊದಲೇ ಮಾತಾಗಿತ್ತು. "ಲೆಕ್ಕಾ ಸರಿ ಐತ್ರಿ ಅಬ್ಬಾ. ಮತ್ತೊಮ್ಮೆ ನೋಡ್ರಿ ಅಂತ ಅರ್ಜಿ ಹಾಕೇನಿ, ಉತ್ತರ ಬರೂತನಕ ತಡೀರಿ" ಎಂದು ಅತ್ತಳು. ನಾನು ಏನೆಂದೆ ಗೊತ್ತೇ? "ಸರಕಾರದವ್ರು ತಪ್ಪತಾರೇನು? ನೀನ ತಪ್ಪಿರಬೇಕು." ಆ ಮಾತು ನೆನಪಾದರೆ ನನಗೆ ಈಗಲೂ ಊಟ ಸೇರುವುದಿಲ್ಲ.

ತಿದ್ದಿದ ಅಂಕಪಟ್ಟಿ ಹಿಡಿದು ರಾಣೆಬೆನ್ನೂರಿನ ಅವಳ ಗಂಡನ ಮನೆಗೆ ಹೋದೆ. ರೊಟ್ಟಿ ಬಡಿಯುತ್ತಿದ್ದವಳು ಕೈ ತೊಳೆದು ಬಂದು ಎರಡು ಸಲ ಓದಿದಳು. "ನಲವತ್ತು" ಎಂದಳು. ಆಮೇಲೆ ಮಡಚಿ ನನಗೇ ಕೊಟ್ಟಳು. "ನೀವ ಇಟ್ಕೋರಿ ಅಬ್ಬಾ. ಇಲ್ಲಿ ಇದನ್ನ ಯಾರಿಗೆ ತೋರಸ್ಲಿ?" ಒಂದು ಬೈಗುಳವನ್ನಾದರೂ ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಬರುವಾಗ ಬಸ್ಸಿನಲ್ಲಿ ಜನರೆದುರೇ ಅತ್ತೆ.

ಪರಿಹಾರ ಬೇಡ. ಮಾದರಿ ಉತ್ತರ ಹೊರಡಿಸುವ ಮೊದಲು ಯಾರಾದರೊಬ್ಬರು ಆ ಲೆಕ್ಕವನ್ನು ಮಾಡಿ ನೋಡಲಿ. ಇನ್ನೊಂದು, ತಾವು ಅವಳ ಹೆಸರಿಗೆ, ಅವಳ ಗಂಡನ ಮನೆಯ ವಿಳಾಸಕ್ಕೆ, ತಮ್ಮ ಸಹಿ ಹಾಕಿ ಒಂದು ಕಾಗದ ಬರೆಯಬೇಕು: ನಿನ್ನ ಲೆಕ್ಕ ಸರಿ ಇತ್ತು, ತಪ್ಪಿದವರು ನಾವು ಎಂದು. ಆ ಮನೆಯವರೂ ಓದಲಿ. ನಾನು ಅವಳಿಗೆ ಹೇಳಿದ್ದೇನೆ. ಆದರೆ ಹೇಳಬೇಕಾಗಿದ್ದ ದಿನ ಹೇಳಲಿಲ್ಲ.

ಇಂತಿ,
ಮಗಳನ್ನು ಬಿಟ್ಟು ತಮ್ಮನ್ನು ನಂಬಿದ
ಫಕ್ರುದ್ದೀನ, ಕಿರಾಣಿ ವ್ಯಾಪಾರಿ
ಬ್ಯಾಡಗಿ, ಧಾರವಾಡ ಜಿಲ್ಲೆ, ೧೯೯೧